ಒಂದು ಮೈಲಿ ಉತ್ತರಕ್ಕೆ, ಒಂದು ಮೈಲಿ ಪೂರ್ವಕ್ಕೆ

ಒಂದು ಹಡಗು ಒಂದು ಮೈಲಿ ಉತ್ತರಕ್ಕೆ ಹೋಗುತ್ತದೆ. ಅಲ್ಲಿಂದ ಒಂದು ಮೈಲಿ ಪೂರ್ವಕ್ಕೆ. ಆಮೇಲೆ ಒಂದು ಮೈಲಿ ದಕ್ಷಿಣಕ್ಕೆ. ನೋಡಿದರೆ ಹೊರಟ ಜಾಗಕ್ಕೇ ಬಂದು ನಿಂತಿದೆ. ಹಾಗಾದರೆ ಅದು ಹೊರಟಿದ್ದು ಎಲ್ಲಿಂದ?

ಈ ಒಗಟಿನ ಇನ್ನೊಂದು ರೂಪ ಬಹಳ ಜನರಿಗೆ ಗೊತ್ತು. ಬೇಟೆಗಾರನೊಬ್ಬ ದಕ್ಷಿಣಕ್ಕೆ, ಪೂರ್ವಕ್ಕೆ, ಉತ್ತರಕ್ಕೆ ನಡೆದು ತನ್ನ ಬಿಡಾರಕ್ಕೆ ಮರಳುತ್ತಾನೆ. ಬಾಗಿಲಲ್ಲಿ ಕರಡಿ ನಿಂತಿರುತ್ತದೆ. ಅದರ ಬಣ್ಣ ಯಾವುದು? ಬಿಳಿ ಎಂದು ಯಾರಾದರೂ ಹೇಳಿದ ಕೂಡಲೇ ಮಾತು ಮುಗಿಯುತ್ತದೆ. ನನಗೆ ಹಡಗಿನ ರೂಪವೇ ಹೆಚ್ಚು ಇಷ್ಟ. ಹಡಗಿಗೆ ನೀರು ಬೇಕು, ತಿರುಗಲು ಜಾಗ ಬೇಕು, ಚುಕ್ಕಾಣಿ ಹಿಡಿದವರಿಗೆ ಪ್ರತಿ ಕ್ಷಣವೂ ದಿಕ್ಕು ತಿಳಿದಿರಬೇಕು. ಹಾಳೆಯ ಮೇಲೆ ಸುಲಭವಾಗಿ ಬಂದ ಉತ್ತರವನ್ನು ಹಡಗು ಇನ್ನೊಮ್ಮೆ ಪರೀಕ್ಷೆಗೆ ಒಡ್ಡುತ್ತದೆ.

ಹಾಸನದಲ್ಲಿ ಕುಳಿತು ಧ್ರುವದ ಬಳಿಯ ಹಡಗುಗಳ ಲೆಕ್ಕ ಮಾಡುವುದೇಕೆ ಎಂದು ಮನೆಯವರು ಕೇಳುತ್ತಾರೆ. ಆ ಲೆಕ್ಕಗಳು ಹಾಸನಕ್ಕೂ ಸೇರಿದವು ಎಂಬುದೇ ನನ್ನ ಉತ್ತರ. ಧ್ರುವದಲ್ಲಿ ಬೇರೆ ನಿಯಮಗಳೇನೂ ಇಲ್ಲ. ಅಲ್ಲಿ ಕಣ್ಣಿಗೆ ರಾಚುವುದು ಇಲ್ಲಿ ನಮ್ಮ ಕಾಲಕೆಳಗೂ ನಡೆಯುತ್ತಿದೆ, ಆದರೆ ಎಷ್ಟು ಸಣ್ಣ ಪ್ರಮಾಣದಲ್ಲಿ ಎಂದರೆ ನಾವು ಅದನ್ನು ಗಮನಿಸುವುದೇ ಇಲ್ಲ.

ಪೂರ್ವದಿಂದಲೇ ಆರಂಭಿಸುತ್ತೇನೆ. ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇತ್ತ ಮಂಗಳೂರು, ಅತ್ತ ಬೆಂಗಳೂರು, ಅದರಾಚೆ ಚೆನ್ನೈ, ಎಲ್ಲವೂ ಹೆಚ್ಚುಕಡಿಮೆ ಅದೇ ಅಕ್ಷಾಂಶದ ಮೇಲಿವೆ. ಹಾಗಾಗಿ ನಮ್ಮ ಪಾಲಿಗೆ ಪೂರ್ವ ಎಂದರೆ ಬೆಂಗಳೂರು, ಪಶ್ಚಿಮ ಎಂದರೆ ಮಂಗಳೂರು, ನಡುವೆ ಸ್ಕೇಲಿಟ್ಟು ಎಳೆದಂತಹ ಗೆರೆ. ಆದರೆ ಆ ಗೆರೆ ನೇರವಾದದ್ದಲ್ಲ. ಡಿಸೆಂಬರಿನ ಮೋಡವಿಲ್ಲದ ರಾತ್ರಿಯಲ್ಲಿ ಊರ ದೀಪಗಳಿಂದ ದೂರ ಹೋಗಿ, ಉತ್ತರಕ್ಕೆ ಮುಖ ಮಾಡಿ, ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಒಂದು ಮುಷ್ಟಿ, ಅದರ ಮೇಲೆ ಇನ್ನೂ ಒಂದು ಚೂರು ಎಣಿಸಿದರೆ ಅಲ್ಲಿ ಧ್ರುವ ನಕ್ಷತ್ರ ಮಂಕಾಗಿ ಕಾಣುತ್ತದೆ. ಅದರ ಎತ್ತರವೇ ನಮ್ಮ ಅಕ್ಷಾಂಶ. ಪೂರ್ವಕ್ಕೆ ಹೋಗುವುದೆಂದರೆ ಆ ಎತ್ತರ ಹೆಚ್ಚೂ ಆಗದಂತೆ, ಕಡಿಮೆಯೂ ಆಗದಂತೆ ಸಾಗುವುದು. ಧ್ರುವದಿಂದ ಇರುವ ದೂರವನ್ನು ಒಂದಿಷ್ಟೂ ಬದಲಿಸದೆ ಅದರ ಸುತ್ತ ನಡೆಯುವುದು.

ಈಗ ಹಾಸನದಲ್ಲಿ ಪಕ್ಕಾ ಪೂರ್ವಕ್ಕೆ ಮುಖ ಮಾಡಿ ನಿಂತು, ಎಡಬಲಕ್ಕೆ ಒಂದಿಷ್ಟೂ ತಿರುಗದೆ ಮೂಗಿನ ನೇರಕ್ಕೆ ನಡೆಯುತ್ತಾ ಹೋದೆವು ಎಂದುಕೊಳ್ಳೋಣ. ಚೆನ್ನೈನ ರೇಖಾಂಶ ತಲುಪುವ ಹೊತ್ತಿಗೆ, ಅಂದರೆ ಸುಮಾರು 450 ಕಿಲೋಮೀಟರ್ ನಡೆದ ಮೇಲೆ, ನಾವು 13ನೇ ಅಕ್ಷಾಂಶದಿಂದ ದಕ್ಷಿಣಕ್ಕೆ 3.7 ಕಿಲೋಮೀಟರ್ ಸರಿದಿರುತ್ತೇವೆ. ಪೂರ್ವದ ಗೆರೆಯ ಮೇಲೇ ಉಳಿಯಬೇಕಾದರೆ ದಾರಿಯುದ್ದಕ್ಕೂ ತುಸು ತುಸುವೇ ಎಡಕ್ಕೆ ತಿರುಗುತ್ತಿರಬೇಕು. ಅಷ್ಟು ದೂರಕ್ಕೆ ಹರಡಿಕೊಂಡ ಆ ತಿರುವು ಯಾರ ಅರಿವಿಗೂ ಬರುವುದಿಲ್ಲ. ಇದೇ ಪ್ರಯೋಗವನ್ನು ಉತ್ತರ ಧ್ರುವದಿಂದ ಒಂದು ಕಿಲೋಮೀಟರ್ ದೂರದಲ್ಲಿ ಮಾಡಿ. ಪೂರ್ವಕ್ಕೆ ಮುಖ ಮಾಡಿ ನೇರವಾಗಿ ಒಂದೇ ಒಂದು ಕಿಲೋಮೀಟರ್ ನಡೆದು ನಿಂತರೆ ಧ್ರುವ 1.41 ಕಿಲೋಮೀಟರ್ ದೂರಕ್ಕೆ ಸರಿದಿರುತ್ತದೆ, ನಿಮ್ಮ ಮುಖ ಆಗ್ನೇಯಕ್ಕೆ ಇರುತ್ತದೆ. ಹಾಸನದಿಂದ ಚೆನ್ನೈವರೆಗೆ ಸದ್ದಿಲ್ಲದೆ ನಡೆದ ಸಂಗತಿಯೇ ಇಲ್ಲಿ ಹತ್ತು ಹದಿನೈದು ನಿಮಿಷದ ನಡಿಗೆಯಲ್ಲಿ ನಡೆದುಹೋಯಿತು.

ಇದನ್ನು ಅಣ್ಣನ ಮಗಳಿಗೆ ತೋರಿಸಲು ನಾನು ಬಳಸಿದ್ದು ಮೂಡಿಗೆರೆಯ ಕಡೆಯ ತೋಟದಿಂದ ಬಂದ ಚಕ್ಕೋತ ಹಣ್ಣು. ಗ್ಲೋಬಿಗಿಂತ ಅದೇ ಒಳ್ಳೆಯದು. ತೊಟ್ಟು ಧ್ರುವದಂತೆ ಮೇಲೆದ್ದು ನಿಂತಿರುತ್ತದೆ, ಬೇಕಾದಲ್ಲಿ ಗುಂಡುಸೂಜಿ ಚುಚ್ಚಬಹುದು. ಸಿಪ್ಪೆಯ ಎಣ್ಣೆಯ ಮೇಲೆ ಬಾಲ್‌ಪೆನ್ನಿನ ಶಾಯಿ ಜಾರುತ್ತದೆ, ಸ್ಕೆಚ್ ಪೆನ್ ಬೇಕು. ತೊಟ್ಟಿನಿಂದ ಎರಡು ಬೆರಳು ಕೆಳಗೆ ಒಂದು ಸುತ್ತು ಬಳೆ ಬರೆದು, ಆ ಬಳೆಯ ಮೇಲೆ ಎರಡು ಗುಂಡುಸೂಜಿ ಚುಚ್ಚಿ, ನಡುವೆ ದಾರ ಬಿಗಿಯಾಗಿ ಎಳೆದೆವು. ದಾರ ಬಳೆಯ ಮೇಲೆ ನಿಲ್ಲಲಿಲ್ಲ, ತೊಟ್ಟಿನ ಕಡೆಗೆ ಜಾರಿತು. ಬಳೆಗುಂಟ ಅದನ್ನು ಕೂರಿಸಬೇಕಾದರೆ ಬೆರಳಿನಿಂದ ಅದುಮಿ ಹಿಡಿಯಬೇಕು. ಹುಡುಗಿ ಸೂಜಿಗಳನ್ನು ಕಿತ್ತು ಹಣ್ಣಿನ ನಡುಸೊಂಟದ ಹತ್ತಿರ ಇನ್ನೊಂದು ಬಳೆಯ ಮೇಲೆ ಚುಚ್ಚಿ ನೋಡಿದಳು. ಅಲ್ಲಿ ದಾರ ಬಳೆಯ ಮೇಲೆಯೇ ಕೂತಂತೆ ಕಂಡಿತು. ಕಣ್ಣನ್ನು ತೀರಾ ಹತ್ತಿರ ತಂದಾಗ ನೂಲಿನೆಳೆಯಷ್ಟು ಅಂತರ ಕಾಣಿಸಿತು. ಅದನ್ನು ಕಂಡುಹಿಡಿದವಳು ಅವಳೇ, ನಾನಲ್ಲ. ನಾನು ಹಾಸನದ ಬಗ್ಗೆ ಹೇಳಬೇಕೆಂದುಕೊಂಡಿದ್ದ ಮಾತು ಆ ಅಂತರದಲ್ಲಿತ್ತು.

ಈಗ ಹಡಗಿನ ಒಗಟಿಗೆ ಬರೋಣ. ಉತ್ತರ, ಪೂರ್ವ, ದಕ್ಷಿಣ ಎಂಬ ಕ್ರಮಕ್ಕೆ ಮೊದಲು ಹೊಳೆಯುವ ಜಾಗ ದಕ್ಷಿಣ ಧ್ರುವ. ಅಲ್ಲಿಂದ ಯಾವ ಕಡೆ ಹೊರಟರೂ ಉತ್ತರವೇ, ಕೊನೆಯಲ್ಲಿ ದಕ್ಷಿಣಕ್ಕೆ ಬಂದರೆ ಅದೇ ಬಿಂದು. ಗಣಿತಕ್ಕೆ ಇದು ಸರಿ, ಹಡಗಿಗೆ ಸರಿಯಲ್ಲ. ದಕ್ಷಿಣ ಧ್ರುವ ಇರುವುದು ಖಂಡದ ನಡುವೆ, ಸಮುದ್ರಮಟ್ಟದಿಂದ 2,800 ಮೀಟರಿಗೂ ಹೆಚ್ಚು ಎತ್ತರದ ಹಿಮದ ಹಾಸಿನ ಮೇಲೆ. ಅದೇ ಉತ್ತರ ಧ್ರುವದಲ್ಲಿ ನೆಲವೇ ಇಲ್ಲ. ತೇಲುವ ಮಂಜುಗಡ್ಡೆ, ಅದರ ಕೆಳಗೆ ನಾಲ್ಕು ಸಾವಿರ ಮೀಟರಿಗೂ ಹೆಚ್ಚು ಆಳದ ನೀರು. ಅಲ್ಲಿಗೆ ಹಡಗು ಹೋಗಬಲ್ಲದು, ಹೋಗಿಯೂ ಇದೆ. ಸೋವಿಯತ್ ಒಕ್ಕೂಟದ ಪರಮಾಣು ಚಾಲಿತ ಹಿಮಭಂಜಕ ಹಡಗು ಆರ್ಕ್ಟಿಕಾ 1977ರ ಆಗಸ್ಟ್ 17ರಂದು ಉತ್ತರ ಧ್ರುವ ತಲುಪಿತು. ನೀರಿನ ಮೇಲೆ ಸಾಗಿ ಅಲ್ಲಿಗೆ ಮುಟ್ಟಿದ ಮೊದಲ ಹಡಗು ಅದು.

ಹಾಗಾಗಿ ಹಡಗಿನ ಒಗಟಿಗೆ ಉತ್ತರವನ್ನು ಉತ್ತರ ಧ್ರುವದ ಸುತ್ತಲೇ ಹುಡುಕಬೇಕು. ಪೂರ್ವಕ್ಕೆ ಒಂದು ಮೈಲಿ ಹೋದಾಗ ಸರಿಯಾಗಿ ಒಂದು ಸುತ್ತು ಮುಗಿಯುವಂತಿದ್ದರೆ ಸಾಕು, ಉತ್ತರಕ್ಕೆ ಬಂದ ದಾರಿಯಲ್ಲೇ ದಕ್ಷಿಣಕ್ಕೆ ಮರಳಬಹುದು. ಸುತ್ತಳತೆ ಒಂದು ಮೈಲಿ ಆಗಬೇಕಾದರೆ ಧ್ರುವದಿಂದ ದೂರ 0.159 ಮೈಲಿ ಇರಬೇಕು. ಹೊರಟ ಜಾಗ ಅದಕ್ಕಿಂತ ಒಂದು ಮೈಲಿ ದಕ್ಷಿಣಕ್ಕೆ, ಅಂದರೆ ಧ್ರುವದಿಂದ 1.159 ಮೈಲಿ ದೂರದಲ್ಲಿ. ಅದೂ ಒಂದು ಬಿಂದುವಲ್ಲ, ಒಂದು ಇಡೀ ಬಳೆ. ಅದರ ಮೇಲೆ ಎಲ್ಲಿಂದ ಹೊರಟರೂ ಆಗುತ್ತದೆ. ಇಷ್ಟಕ್ಕೇ ನಿಲ್ಲುವುದೂ ಇಲ್ಲ. ಸುತ್ತಳತೆ ಅರ್ಧ ಮೈಲಿಯಾದರೆ ಹಡಗು ಎರಡು ಸುತ್ತು ಹಾಕಿ ಅದೇ ಜಾಗಕ್ಕೆ ಬರುತ್ತದೆ, ಮೂರನೇ ಒಂದು ಮೈಲಿಯಾದರೆ ಮೂರು ಸುತ್ತು. ಹೀಗೆ ಬಳೆಯೊಳಗೆ ಬಳೆ, ಕೊನೆಯಿಲ್ಲದಷ್ಟು ಬಳೆಗಳು, ಎಲ್ಲವೂ ಧ್ರುವದಿಂದ ಒಂದು ಮೈಲಿಯ ಗಡಿಯ ಹೊರಗೆ ಒತ್ತಾಗಿ ಸೇರಿಕೊಂಡಿರುತ್ತವೆ. ಆ ಗಡಿಯ ಒಳಗಿದ್ದರೆ ಒಗಟಿನ ಮೊದಲ ಹೆಜ್ಜೆಯೇ ಸಾಗದು, ಯಾಕೆಂದರೆ ಉತ್ತರಕ್ಕೆ ಹೋಗಲು ಒಂದು ಮೈಲಿ ಉಳಿದಿರುವುದೇ ಇಲ್ಲ.

ಹಡಗು ಇಲ್ಲಿ ಮತ್ತೆ ತನ್ನ ಮಾತು ಹೇಳುತ್ತದೆ. ಸಮುದ್ರದ ಮೈಲಿ 1,852 ಮೀಟರ್. ಅಷ್ಟು ಸುತ್ತಳತೆಯ ಬಳೆಯ ಅಡ್ಡಗಲ ಸುಮಾರು 590 ಮೀಟರ್. ಆರ್ಕ್ಟಿಕಾದ ಉದ್ದ 148 ಮೀಟರ್, ಅಂದರೆ ಬಳೆ ನಾಲ್ಕು ಹಡಗಿನಷ್ಟು ಅಗಲ. ದೊಡ್ಡ ಹಡಗುಗಳು ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ ಹಿಡಿದಾಗ ತಮ್ಮ ಉದ್ದದ ಐದು ಪಟ್ಟಿನೊಳಗೆ ತಿರುಗಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಹಾಗಾಗಿ ಇಲ್ಲಿ ಪೂರ್ವಕ್ಕೆ ಹೋಗು ಎಂಬ ಆಜ್ಞೆಯ ಅರ್ಥ ಚುಕ್ಕಾಣಿಯನ್ನು ಎಡಕ್ಕೆ ಕೊನೆಯವರೆಗೂ ತಿರುಗಿಸಿ ಹಿಡಿದುಕೋ ಎಂದೇ. ಎರಡು ಸುತ್ತಿನ ಬಳೆ ಎರಡೇ ಹಡಗಿನಷ್ಟು ಅಗಲ. ಅಲ್ಲಿಂದಾಚೆಗಿನ ಬಳೆಗಳು ಹಾಳೆಯ ಮೇಲೆ ಮಾತ್ರ. ಕೊನೆಯಿಲ್ಲದ ಉತ್ತರಗಳಲ್ಲಿ ಒಂದನ್ನೋ ಎರಡನ್ನೋ ಮಾತ್ರ ಸಮುದ್ರ ಉಳಿಸಿಕೊಡುತ್ತದೆ, ಅದು ನನಗೆ ತುಂಬಾ ಹಿಡಿಸುವ ವಿಷಯ.

ಮರ್ಚೆಂಟ್ ನೇವಿಗೆ ಸೇರುವ ಹುಡುಗರು ಮೊದಮೊದಲು ಕಲಿಯುವ ಸೂತ್ರವೊಂದಿದೆ. ಪೂರ್ವಪಶ್ಚಿಮವಾಗಿ ಸಾಗಿದ ದೂರಕ್ಕೆ ಅವರು ಡಿಪಾರ್ಚರ್ ಎನ್ನುತ್ತಾರೆ. ರೇಖಾಂಶದ ವ್ಯತ್ಯಾಸವನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿದರೆ ಡಿಪಾರ್ಚರ್ ಸಿಗುತ್ತದೆ. ಒಗಟುಗಳಲ್ಲಿ ಬಹುಪಾಲು ಈ ಒಂದು ಸಾಲಿನಲ್ಲಿ ಅಡಗಿವೆ. ಹಡಗೊಂದು 100 ಮೈಲಿ ಉತ್ತರಕ್ಕೆ, 100 ಪೂರ್ವಕ್ಕೆ, 100 ದಕ್ಷಿಣಕ್ಕೆ, 100 ಪಶ್ಚಿಮಕ್ಕೆ ಹೋದರೆ ಚೌಕ ಮುಚ್ಚಿಕೊಳ್ಳುತ್ತದೆಯೇ? ಇಲ್ಲ. ಮೇಲಿನ ಅಕ್ಷಾಂಶದಲ್ಲಿ ಬಳೆ ಚಿಕ್ಕದು, 100 ಮೈಲಿಗೆ ಹೆಚ್ಚು ರೇಖಾಂಶ ದಾಟುತ್ತೇವೆ. ಕೆಳಗೆ ಅಷ್ಟೇ ರೇಖಾಂಶ ಹಿಂದಿರುಗಲು 100 ಮೈಲಿ ಸಾಲುವುದಿಲ್ಲ. ಹೊರಟ ಜಾಗದ ಪೂರ್ವಕ್ಕೆ ನಿಂತುಬಿಡುತ್ತೇವೆ. 80 ಡಿಗ್ರಿ ಅಕ್ಷಾಂಶದಲ್ಲಿ ಹೊರಟರೆ ಉಳಿಯುವ ಅಂತರ ಸುಮಾರು 20 ಮೈಲಿ. ಹಾಸನದ ಅಕ್ಷಾಂಶದಲ್ಲಿ ಅದೇ ಚೌಕ ಬರೆದರೆ? 0.72 ಮೈಲಿ, ಅಂದರೆ 1.3 ಕಿಲೋಮೀಟರ್. ಅಷ್ಟು ದೊಡ್ಡ ಚೌಕಕ್ಕೆ ಇದು ಏನೇನೂ ಅಲ್ಲ ಅನಿಸಬಹುದು, ಆದರೆ ಸೊನ್ನೆಯಂತೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ದಿಕ್ಸೂಚಿ ನೋಡಿಕೊಂಡು ಬರೆದ ಯಾವ ದೊಡ್ಡ ಚೌಕವೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಇನ್ನು ನನಗೆ ಅತ್ಯಂತ ಪ್ರಿಯವಾದ ಒಗಟು. ಹಡಗು ಸದಾ ಈಶಾನ್ಯಕ್ಕೇ ಸಾಗಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ? ದಿಕ್ಸೂಚಿಯ ಕೋನ ಬದಲಿಸದೆ ಸಾಗುವ ದಾರಿಗೆ ನಾವಿಕರು ರಂಬ್ ಲೈನ್ ಎನ್ನುತ್ತಾರೆ. ಅದು ಅತಿ ಹತ್ತಿರದ ದಾರಿಯಾದ ಮಹಾವೃತ್ತವಲ್ಲ ಎಂದು ಪೋರ್ಚುಗಲ್‌ನ ಗಣಿತಜ್ಞ ಪೆಡ್ರೊ ನುನೆಸ್ 1537ರಷ್ಟು ಹಿಂದೆಯೇ ವಿವರಿಸಿದ್ದ. 1569ರಲ್ಲಿ ಭೂಪಟಕಾರ ಮರ್ಕೇಟರ್ ರಚಿಸಿದ ಭೂಪಟದ ಹೆಚ್ಚುಗಾರಿಕೆಯೆಂದರೆ ಅದರಲ್ಲಿ ರಂಬ್ ಲೈನ್ ನೇರ ಗೆರೆಯಾಗಿ ಕಾಣುತ್ತದೆ. ಶಾಲೆಯ ಗೋಡೆಗಳಲ್ಲಿ ಗ್ರೀನ್‌ಲ್ಯಾಂಡ್ ಅಷ್ಟು ದೊಡ್ಡದಾಗಿ ಕಾಣುವುದಕ್ಕೂ ಅದೇ ಕಾರಣ. ಆ ಭೂಪಟದಲ್ಲಿ ಧ್ರುವಕ್ಕೆ ಜಾಗವೇ ಇಲ್ಲ, ಅದು ಹಾಳೆಯ ಮೇಲಂಚಿನಿಂದ ಅನಂತ ದೂರದಲ್ಲಿರುತ್ತದೆ.

ಬೆಟ್ಟ ಖಂಡಗಳನ್ನೆಲ್ಲ ಮರೆತು, ಭೂಮಿಯೆಲ್ಲ ನೀರು ಎಂದುಕೊಂಡು ಹಾಸನದಿಂದಲೇ ಈಶಾನ್ಯಕ್ಕೆ ಹೊರಡೋಣ. ಇಲ್ಲಿಂದ ಉತ್ತರ ಧ್ರುವಕ್ಕೆ 77 ಡಿಗ್ರಿ, ಅಂದರೆ 4,620 ಸಮುದ್ರ ಮೈಲಿ. ಈಶಾನ್ಯದ ದಾರಿಯಲ್ಲಿ ಪ್ರತಿ ಮೈಲಿಗೂ ಉತ್ತರಕ್ಕೆ ಸರಿಯುವ ಪಾಲು ಒಂದೇ, ಹಾಗಾಗಿ ಒಟ್ಟು ದಾರಿ 4,620ನ್ನು ಎರಡರ ವರ್ಗಮೂಲದಿಂದ ಗುಣಿಸಿದಷ್ಟು, ಸುಮಾರು 6,534 ಮೈಲಿ. ಉದ್ದಕ್ಕೆ ಮಿತಿಯಿದೆ. ಆದರೆ ಅಷ್ಟರೊಳಗೆ ಹಡಗು ಧ್ರುವವನ್ನು ಅನಂತ ಸಲ ಸುತ್ತುತ್ತದೆ.

ಇದನ್ನು ಓದಿ ಒಪ್ಪಿಕೊಳ್ಳುವುದು ಬೇರೆ, ಕೂತು ಲೆಕ್ಕ ಮಾಡಿ ನೋಡುವುದು ಬೇರೆ. ಅನಂತ ಸುತ್ತು ಎಂದಾಗ ದಾರಿಯುದ್ದಕ್ಕೂ ಸುತ್ತಿಕೊಂಡ ಸುರುಳಿ ಮನಸ್ಸಿಗೆ ಬರುತ್ತದೆ. ನಿಜಸ್ಥಿತಿ ಹಾಗಿಲ್ಲ. ಹಾಸನದಿಂದ 89 ಡಿಗ್ರಿ ಅಕ್ಷಾಂಶದವರೆಗೆ ಬರುವಷ್ಟರಲ್ಲಿ ಹಡಗು ದಾಟಿರುವುದು ಸುಮಾರು 258 ಡಿಗ್ರಿ ರೇಖಾಂಶ ಮಾತ್ರ. ಒಂದು ಪೂರ್ತಿ ಸುತ್ತೂ ಆಗಿಲ್ಲ! ಉಳಿದ ಅನಂತ ಸುತ್ತುಗಳೆಲ್ಲ ಕೊನೆಯ ಒಂದು ಡಿಗ್ರಿಯಲ್ಲಿ. ಅಲ್ಲಿ ಪ್ರತಿ ಸುತ್ತಿಗೂ ಧ್ರುವದಿಂದ ಇರುವ ದೂರ 535ನೇ ಒಂದು ಪಾಲಿಗೆ ಇಳಿಯುತ್ತದೆ. 111 ಕಿಲೋಮೀಟರ್ ದೂರದಲ್ಲಿದ್ದ ಹಡಗು ಒಂದು ಸುತ್ತು ಮುಗಿಸುವಾಗ 207 ಮೀಟರ್ ದೂರದಲ್ಲಿರುತ್ತದೆ. ಇನ್ನೊಂದು ಸುತ್ತಿಗೆ 39 ಸೆಂಟಿಮೀಟರ್. ಮೂರನೆಯದಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ. ಅಲ್ಲಿಂದ ಮುಂದಿನ ಅನಂತವೆಲ್ಲ ಸಾಸಿವೆ ಕಾಳಿನೊಳಗೆ ಹಿಡಿಸುವಷ್ಟು ಜಾಗದಲ್ಲಿ ನಡೆಯುತ್ತದೆ. ಹಡಗು ಎರಡನೇ ಸುತ್ತಿನಲ್ಲೇ ತನ್ನ ಉದ್ದಕ್ಕಿಂತ ಚಿಕ್ಕ ಬಳೆಗೆ ಸಿಲುಕಿ ಕೈಚೆಲ್ಲಿರುತ್ತದೆ. ಆದರೂ ಹಾಸನದಿಂದ ಹೊರಟಾಗ ಹಿಡಿದ ಕೋನ, ಆ ಸಾಸಿವೆಯೊಳಗಿನ ಕೋನ, ಎರಡೂ 45 ಡಿಗ್ರಿಯೇ. ಮೊದಲ ಸಲ ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದಾಗ ನನಗಾದ ಸಂತೋಷವನ್ನು ಯಾವ ಕಥೆಯೂ ಕೊಟ್ಟಿಲ್ಲ.

ಈಶಾನ್ಯ ಬಿಟ್ಟು ನೇರ ದಕ್ಷಿಣಕ್ಕೆ ಹೊರಟರೆ ಒಗಟೇನೂ ಇಲ್ಲ, ಆದರೆ ಹೇಳಲೇಬೇಕಾದ ಸಂಗತಿಯೊಂದಿದೆ. ಹಾಸನದ ರೇಖಾಂಶ 76 ಡಿಗ್ರಿ 6 ನಿಮಿಷ ಪೂರ್ವ. ಅದೇ ರೇಖಾಂಶ ಹಿಡಿದು ಇಳಿದರೆ ಕೇರಳದ ಕರಾವಳಿ ದಾಟಿದ ಮೇಲೆ ಬರೀ ಸಮುದ್ರ. ಮತ್ತೆ ನೆಲ ಸಿಗುವುದು ಅಂಟಾರ್ಕ್ಟಿಕಾದಲ್ಲೇ. ಅಲ್ಲಿ, 69 ಡಿಗ್ರಿ 24 ನಿಮಿಷ ದಕ್ಷಿಣದಲ್ಲಿ, 76 ಡಿಗ್ರಿ 11 ನಿಮಿಷ ಪೂರ್ವದಲ್ಲಿ, ಭಾರತದ ಭಾರತಿ ಸಂಶೋಧನಾ ಕೇಂದ್ರವಿದೆ. 2012ರಲ್ಲಿ ಕಾರ್ಯಾರಂಭವಾದದ್ದು. ಸುಮಾರು 9,150 ಕಿಲೋಮೀಟರ್ ದೂರ, ಆದರೆ ನಮಗೂ ಅವರಿಗೂ ಮಧ್ಯಾಹ್ನ ಒಂದೇ ಗಳಿಗೆಗೆ. ಚನ್ನರಾಯಪಟ್ಟಣದಿಂದ ಇನ್ನೊಂದು ಹಡಗು ಹಾಗೆಯೇ ದಕ್ಷಿಣಕ್ಕೆ ಹೊರಟಿತು ಎನ್ನೋಣ. ಹೊರಡುವಾಗ ಎರಡು ರೇಖಾಂಶಗಳ ನಡುವಿನ ಅಂತರ ಸುಮಾರು 31 ಕಿಲೋಮೀಟರ್. ಭಾರತಿ ಕೇಂದ್ರದ ಅಕ್ಷಾಂಶದಲ್ಲಿ ಅದು 11 ಕಿಲೋಮೀಟರಿಗೆ ಇಳಿದಿರುತ್ತದೆ. ಎರಡೂ ಹಡಗು ಒಂದಿಷ್ಟೂ ತಿರುಗಿಲ್ಲ, ಒಂದೇ ದಿಕ್ಕಿಗೆ ಸಾಗಿವೆ, ಆದರೂ ಹತ್ತಿರವಾಗುತ್ತಿವೆ.

ಹಾಳೆ ಬಿಟ್ಟು ನಿಜವಾಗಿ ಆ ನೀರಿಗೆ ಇಳಿದವರಿಗೆ ಕಷ್ಟ ಬೇರೆಯೇ. ಆಯಸ್ಕಾಂತದ ಮುಳ್ಳು ತೋರಿಸುವುದು ಭೂಮಿಯ ಅಕ್ಷದ ಧ್ರುವವನ್ನಲ್ಲ. ಕಾಂತಧ್ರುವ ಬೇರೆ ಕಡೆ ಇದೆ, ಅದು ಅಲೆಯುತ್ತಲೂ ಇರುತ್ತದೆ. 1831ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಪತ್ತೆ ಮಾಡಿದಾಗ ಅದು ಇಂದಿನ ಕೆನಡಾದ ಉತ್ತರದಲ್ಲಿ, ಸುಮಾರು 70 ಡಿಗ್ರಿ ಅಕ್ಷಾಂಶದಲ್ಲಿತ್ತು. ಈಗ ಅಲ್ಲಿಂದ ಬಹಳ ದೂರ ಸರಿದು ಸೈಬೀರಿಯಾದ ಕಡೆಗೆ ಸಾಗುತ್ತಿದೆ. ಹಾಗಾದರೆ ವೇಗವಾಗಿ ಸುತ್ತುವ ಚಕ್ರದ ಗೈರೋ ದಿಕ್ಸೂಚಿ? ಅದು ಉತ್ತರವನ್ನು ಕಂಡುಕೊಳ್ಳುವುದು ಭೂಮಿಯ ತಿರುಗುವಿಕೆಯಿಂದ. ಆ ತಿರುಗುವಿಕೆಯಲ್ಲಿ ಅದಕ್ಕೆ ಉಪಯೋಗಕ್ಕೆ ಬರುವ ಪಾಲು ಅಕ್ಷಾಂಶದ ಕೊಸೈನ್‌ನಷ್ಟು. ಹಾಸನದಲ್ಲಿ 97 ಶೇಕಡಾ, 80 ಡಿಗ್ರಿಯಲ್ಲಿ 17, 89 ಡಿಗ್ರಿಯಲ್ಲಿ ಎರಡಕ್ಕೂ ಕಡಿಮೆ. ಕೆಡೆಟ್‌ಗಳ ಸೂತ್ರದಲ್ಲಿದ್ದ ಕೊಸೈನ್ ಇದೇ. ಅಕ್ಷಾಂಶದ ಬಳೆಗಳನ್ನು ಕುಗ್ಗಿಸುವ ಸಂಖ್ಯೆಯೇ ದಿಕ್ಸೂಚಿಯ ಬಲವನ್ನೂ ಕುಗ್ಗಿಸುತ್ತದೆ. ಪೂರ್ವ ಎಂಬುದರ ಅರ್ಥ ಎಲ್ಲಿ ಅತಿ ಬೇಗ ಬದಲಾಗುತ್ತದೆಯೋ ಅಲ್ಲಿಯೇ ಅದನ್ನು ಹೇಳಬೇಕಾದ ಉಪಕರಣ ಬಡವಾಗುತ್ತದೆ. ಅಮೆರಿಕದ ಜಲಾಂತರ್ಗಾಮಿ ನಾಟಿಲಸ್ 1958ರ ಆಗಸ್ಟ್ 3ರಂದು ಮಂಜಿನಡಿಯಲ್ಲಿ ಧ್ರುವ ದಾಟಿದಾಗ ಕ್ಷಿಪಣಿಗಾಗಿ ತಯಾರಾಗಿದ್ದ ಜಡತ್ವ ಸಂಚಾಲನಾ ವ್ಯವಸ್ಥೆಯನ್ನು, ಅಂದರೆ ಹೊರಗಿನ ಗುರುತು ನೋಡದೆ ತನ್ನ ಚಲನೆಯಿಂದಲೇ ಜಾಗ ಲೆಕ್ಕ ಹಾಕುವ ಉಪಕರಣವನ್ನು ಒಯ್ದಿತ್ತು. ಮೇಲೆ ಮಂಜು, ಆಕಾಶ ಕಾಣದು. ಅಂತಹ ಕಡೆ ದಿಕ್ಕು ತಪ್ಪಿದರೆ ಹೊರಬರುವ ದಾರಿಯೇ ತಪ್ಪಿದಂತೆ.

ನಮ್ಮ ಊರಿಗೆ ಇದರಲ್ಲಿ ಇನ್ನೊಂದು ನಂಟಿದೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ಕಾಣುವ ದೇಶದ ಭೂಸ್ಥಿರ ಉಪಗ್ರಹಗಳನ್ನು ಇನ್ಸಾಟ್ ಕಾಲದಿಂದಲೂ ನೋಡಿಕೊಳ್ಳುತ್ತಿರುವ ಕೇಂದ್ರ ಅದು. ಅಲ್ಲಿನ ಬಿಳಿ ಆಂಟೆನಾಗಳ ಮುಂದೆ ಹಾದುಹೋಗುವಾಗಲೆಲ್ಲ ನನಗೆ 81 ಡಿಗ್ರಿ ಅಕ್ಷಾಂಶ ನೆನಪಾಗುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಭೂಸ್ಥಿರ ಉಪಗ್ರಹ ದಿಗಂತದ ಕೆಳಗೆ ಮುಳುಗುತ್ತದೆ. ಧ್ರುವದ ಹಡಗಿಗೆ ಹಾಸನದವರು ಕಾಯುವ ಯಾವ ಭೂಸ್ಥಿರ ಉಪಗ್ರಹವೂ ಕಾಣಿಸದು. ಜಿಪಿಎಸ್ ಉಪಗ್ರಹಗಳು ಕಾಣುತ್ತವೆ, ಆದರೆ ಅವುಗಳ ಕಕ್ಷೆ 55 ಡಿಗ್ರಿಯಷ್ಟೇ ಓರೆಯಾಗಿರುವುದರಿಂದ ನಡುನೆತ್ತಿಗೆ ಎಂದೂ ಬರುವುದಿಲ್ಲ.

ಅಲ್ಲಿನ ನಾವಿಕರು ಕಂಡುಕೊಂಡ ಉಪಾಯ ಸರಳವಾದದ್ದು. ಎಲ್ಲರೂ ಒಪ್ಪಿ ಗ್ರೀನಿಚ್ ರೇಖಾಂಶವನ್ನು ಆಧಾರವಾಗಿ ಹಿಡಿದು, ಅದಕ್ಕೆ ಸಮಾನಾಂತರವಾಗಿ ಭೂಪಟದ ತುಂಬ ಚೌಕಳಿ ಎಳೆದುಕೊಳ್ಳುತ್ತಾರೆ. ಆ ಚೌಕಳಿಯ ಉತ್ತರವೇ ಉತ್ತರ, ಧ್ರುವ ಎಲ್ಲಿದ್ದರೂ ಸರಿ. ಆಗ ಪೂರ್ವ ಮತ್ತೆ ನೇರ ಗೆರೆಯಾಗುತ್ತದೆ, ಚುಕ್ಕಾಣಿಯನ್ನು ತಿರುಗಿಸಿ ಹಿಡಿಯಬೇಕಾಗಿಲ್ಲ, ನಮ್ಮ ಒಗಟಿನ ಹಡಗು ಹೊರಟ ಜಾಗದಿಂದ ಸರಿಯಾಗಿ ಒಂದು ಮೈಲಿ ದೂರದಲ್ಲಿ ನಿಲ್ಲುತ್ತದೆ. ಕೆಲಸ ಮಾಡುವವರಿಗೆ ಇದೇ ಸರಿ. ಒಗಟು ಬಿಡಿಸುವವರಿಗೆ ಹಳೆಯ ಪೂರ್ವವೇ ಬೇಕು.

ಹಾಗಾಗಿ ಹಳೆಯ ಪೂರ್ವದಲ್ಲೇ ಇನ್ನೊಂದನ್ನು ಇಟ್ಟಿದ್ದೇನೆ, ನಾನೇ ಕಟ್ಟಿದ್ದು. ಹಡಗು 60 ಮೈಲಿ ಉತ್ತರಕ್ಕೆ, 60 ಮೈಲಿ ಪೂರ್ವಕ್ಕೆ, 60 ಮೈಲಿ ದಕ್ಷಿಣಕ್ಕೆ ಹೋಗಿ ನೋಡಿದರೆ, ಹೊರಟ ಜಾಗ ಧ್ರುವದ ಆಚೆ ಬದಿಯಲ್ಲಿ ಸರಿಯಾಗಿ ಎದುರಿಗಿದೆ. ಹೊರಟಿದ್ದು ಧ್ರುವದಿಂದ ಎಷ್ಟು ಮೈಲಿ ದೂರದಲ್ಲಿ? ಒಂದು ಉತ್ತರ ಸಿಕ್ಕ ಕೂಡಲೇ ಪೆನ್ಸಿಲ್ ಕೆಳಗಿಡಬೇಡಿ. ಹಡಗು ಪೂರ್ವಕ್ಕೆ ತಿರುಗಿದ ಗಳಿಗೆಯಲ್ಲಿ ಅದಿದ್ದ ಬಳೆಯ ಸುತ್ತಳತೆ ಎಷ್ಟಿರಬಹುದು ಎಂಬಲ್ಲಿಂದ ಶುರು ಮಾಡಿ.